ಆರೈಕೆಗೆ ಕುಳಿತವರ ಕೈ

ಅಡಾಜಣಿಗೆ ನಾವು ಬಂದ ಹೊಸತರಲ್ಲಿ ಪ್ರತಿದಿನವೂ ತಾಪಿಯ ಸೇತುವೆ ದಾಟಿ ಕಚೇರಿಗೆ ಹೋಗುತ್ತಿದ್ದಾಗ ಜೊತೆಗೆ ಒಬ್ಬ ಹಿರಿಯ ಸಹೋದ್ಯೋಗಿ ಇರುತ್ತಿದ್ದರು. ಹುಟ್ಟಾ ಸೂರತ್ತಿನವರು, ನಿವೃತ್ತಿಗೆ ಒಂದೆರಡು ವರ್ಷ ಬಾಕಿಯಿತ್ತು. ನಾವೆಲ್ಲ ಅವರನ್ನು 'ಕಾಕಾ' ಎಂದೇ ಕರೆಯುತ್ತಿದ್ದೆವು. ಒಂದು ದಿನ ಸೇತುವೆಯ ಮೇಲೆ ಬಸ್ಸು ನಿಂತಾಗ ಅವರು ನದಿಯ ಕಡೆ ಕೈ ತೋರಿಸಿ, "1994ರಲ್ಲಿ ಈ ಸೇತುವೆಯ ಮೇಲೆ ಗಂಟುಮೂಟೆ ಹೊತ್ತ ಜನವೇ ಜನ. ಎಲ್ಲರ ಮೂಗಿಗೂ ಕರವಸ್ತ್ರ. ನಮ್ಮ ಮನೆಯವರೂ ಹೋದರು. ನಾನೊಬ್ಬ ಮಾತ್ರ ಉಳಿದೆ, ತಮ್ಮ ಆಸ್ಪತ್ರೆಯಲ್ಲಿದ್ದ" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ಓಡುವಾಗ ಯಾರೋ ಒಬ್ಬರು ರೋಗಿಯ ಪಕ್ಕದಲ್ಲಿ ಕುಳಿತಿರಲೇಬೇಕಲ್ಲ, ಭಾಯಿ" ಎಂದು ಸೇರಿಸಿದರು.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿತು. ರೋಗಿಯ ಪಕ್ಕದಲ್ಲಿ ಕುಳಿತವರನ್ನು ಕಾಯುವುದು ಹೇಗೆ? ಅವರಿಂದ ರೋಗಿಯನ್ನು ಕಾಯುವುದು ಹೇಗೆ? ಆಸ್ಪತ್ರೆಗಳಲ್ಲಿ ನಾವು ಇಂದು ಕಾಣುವ ಮುಖಗವಸು, ಕೈಗವಸು, ನಿಲುವಂಗಿ, ಗೋಡೆಯ ಮೇಲಿನ ಕೈತೊಳೆಯುವ ಚಿತ್ರ, ಇವೆಲ್ಲ ಈ ಎರಡು ಪ್ರಶ್ನೆಗಳಿಗೆ ಮನುಷ್ಯ ಕಂಡುಕೊಂಡ ಉತ್ತರಗಳು. ನಾವು ಬಿ.ಎಸ್‌ಸಿ. ಓದಿದ್ದರೂ ಹೊಟ್ಟೆ ಹೊರೆಯುತ್ತಿರುವುದು ಫೈಲುಗಳಿಂದ, ವೈದ್ಯರಲ್ಲ. ಆದರೂ ಈ ಉತ್ತರಗಳ ಚರಿತ್ರೆಯನ್ನು ನಮ್ಮ ಸಂಘದ ಬಂಧುಗಳ ಮುಂದಿಡಬೇಕೆನ್ನಿಸಿದೆ. ಅದಕ್ಕೆ ನಮ್ಮ ಮನೆಯದೇ ಆದ ಒಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಕತೆ ಶುರುವಾಗುವುದು ಕೈಯಿಂದ. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನಿದ್ದ. ಅಲ್ಲಿ ಎರಡು ಹೆರಿಗೆ ವಿಭಾಗಗಳು: ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಓದಿದವರಿದ್ದ ವಿಭಾಗದಲ್ಲೇ ಬಾಣಂತಿಯರು ಸನ್ನಿಜ್ವರದಿಂದ ಹೆಚ್ಚಾಗಿ ಸಾಯುತ್ತಿದ್ದರು! ವೈದ್ಯರು ಹೆಣ ಕೊಯ್ದ ಕೈಯಲ್ಲೇ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದುದೇ ಕಾರಣವೆಂದು ಸೆಮ್ಮೆಲ್‌ವೈಸ್ ಊಹಿಸಿ, ಮೇ ತಿಂಗಳಿನಿಂದ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ ಸುಮಾರು 18 ಇದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಆದರೂ ಹಿರಿಯ ವೈದ್ಯರು ಅದನ್ನು ಒಪ್ಪಲಿಲ್ಲ. ತಮ್ಮ ಕೈಯೇ ರೋಗಿಯನ್ನು ಕೊಲ್ಲುತ್ತದೆಂದು ಒಪ್ಪಿಕೊಳ್ಳುವುದು ಯಾವ ಸಜ್ಜನನಿಗೆ ಸುಲಭ?

ರಬ್ಬರಿನ ಕೈಗವಸು ಬಂದದ್ದು ಅಚ್ಚರಿಯ ರೀತಿಯಲ್ಲಿ. 1889–90ರ ಚಳಿಗಾಲದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್‌ರವರ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗೆ ಕ್ರಿಮಿನಾಶಕ ದ್ರಾವಣದಿಂದ ಕೈಯೆಲ್ಲ ಹುಣ್ಣಾಯಿತು. ಅವಳಿಗಾಗಿ ಹಾಲ್‌ಸ್ಟೆಡ್ ತೆಳುವಾದ ರಬ್ಬರ್ ಕೈಗವಸು ಮಾಡಿಸಿದರು. ಮರುವರ್ಷವೇ ಅವಳನ್ನು ಮದುವೆಯೂ ಆದರು. ಅಂದರೆ ಕೈಗವಸು ಮೊದಲು ಬಂದದ್ದು ನರ್ಸಿನ ಕೈಯನ್ನು ಕಾಯಲು. ರೋಗಿಗೂ ಅದರಿಂದ ಒಳಿತೆಂದು ತಿಳಿದದ್ದು ಆಮೇಲೆ. ಮುಖಗವಸಿನದು ಇದಕ್ಕೆ ತಿರುಗಮುರುಗ. 1897ರಲ್ಲಿ ಮಿಕುಲಿಚ್ ಎಂಬ ಶಸ್ತ್ರವೈದ್ಯ ಬಾಯಿಗೆ ಜಾಳಿಬಟ್ಟೆ ಕಟ್ಟಿಕೊಂಡದ್ದು ತನ್ನ ಉಗುಳಿನ ಹನಿ ರೋಗಿಯ ಗಾಯಕ್ಕೆ ಬೀಳದಿರಲೆಂದು. ಅದರಿಂದ ವೈದ್ಯನಿಗೂ ರಕ್ಷೆಯಾಗಬಹುದೆಂದು ಜಗತ್ತಿಗೆ ಕಲಿಸಿದ್ದು ಪ್ಲೇಗು.

ಪ್ಲೇಗಿನ ಮಾತು ಬಂದರೆ ನಮ್ಮ ಕನ್ನಡ ಮನೆಗಳಲ್ಲಿ ಯಾರಿಗೆ ಅಜ್ಜಿಯ ಕತೆಗಳು ನೆನಪಾಗುವುದಿಲ್ಲ? 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ವಿಯೇಗಸ್ ಅದನ್ನು ಗುರುತಿಸಿದರು. ರೈಲಿನ ಜೊತೆಗೇ ಅದು ದಕ್ಷಿಣಕ್ಕೆ ಇಳಿಯಿತು. 1898ರಲ್ಲಿ ಹುಬ್ಬಳ್ಳಿ ನಲುಗಿತು; ಅದೇ ವರ್ಷ ಬೆಂಗಳೂರಿಗೂ ಬಂತು. ಮನೆಯ ಅಟ್ಟದಿಂದ ಇಲಿ ಸತ್ತು ಬಿದ್ದರೆ ಜನ ಮನೆಗೆ ಬೀಗ ಹಾಕಿ, ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಪ್ಲೇಗಿನ ಅಮ್ಮನಿಗೆ ಗುಡಿಗಳೂ ಎದ್ದವು. ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಚುಚ್ಚಿದರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದದ್ದು ಅದೇ ಕಾಲದಲ್ಲಿ, 1900ರಲ್ಲಿ.

ಆ ಕಾಲದಲ್ಲಿ ರೋಗಕ್ಕಿಂತ ಅಜ್ಞಾನವೇ ಹೆಚ್ಚು ಕಾಡಿತು ಎಂದರೆ ತಪ್ಪಾಗದು. ಪ್ಲೇಗಿನ ಜೀವಾಣುವನ್ನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಕಂಡಿದ್ದರು. ಆದರೆ ಅದು ಇಲಿಯಿಂದ ಮನುಷ್ಯನಿಗೆ ಹೇಗೆ ಬರುತ್ತದೆ? 1898ರಲ್ಲಿ ಕರಾಚಿಯಲ್ಲಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಇಲಿಯ ಮೈಮೇಲಿನ ಚಿಗಟವೇ ಅದನ್ನು ತರುತ್ತದೆಂದು ತೋರಿಸಿದಾಗ ಹೆಚ್ಚಿನವರು ನಂಬಲಿಲ್ಲ. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಏಳುವ ಪ್ಲೇಗು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹಬ್ಬುವುದಿಲ್ಲ. ಅಂದಿನ ಪ್ಲೇಗ್ ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆ ಮಾಡಿದವರಿಗೆ ಆ ರೋಗ ತಗಲಿದ್ದು ವಿರಳ. ಇದು ತಿಳಿದಿದ್ದರೆ ಎಷ್ಟು ತಾಯಂದಿರು, ಎಷ್ಟು ಮಕ್ಕಳು ಬಾಯಿಗೆ ನೀರು ಬಿಡುವವರಿಲ್ಲದೆ ಸಾಯುವುದು ತಪ್ಪುತ್ತಿತ್ತೋ!

ತಿಳಿಯದೆಯೂ ಹೆದರದವರು ಇದ್ದರು. 1897ರಲ್ಲಿ ಪುಣೆಯ ಹೊರವಲಯದಲ್ಲಿ ಸಾವಿತ್ರಿಬಾಯಿ ಫುಲೆಯವರು ತಮ್ಮ ದತ್ತುಪುತ್ರ ಡಾಕ್ಟರ್ ಯಶವಂತರೊಡನೆ ಪ್ಲೇಗ್ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದರು. ಯಾರೂ ಮುಟ್ಟಲು ಬಾರದ ದಲಿತ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು. ತಮಗೂ ರೋಗ ತಗಲಿ ಮಾರ್ಚ್ 10ರಂದು ತೀರಿಕೊಂಡರು.

ಪ್ಲೇಗಿಗೆ ಇನ್ನೊಂದು ಮುಖವಿದೆ. ಜೀವಾಣು ಶ್ವಾಸಕೋಶಕ್ಕೆ ಇಳಿದರೆ ರೋಗಿಯ ಒಂದೊಂದು ಕೆಮ್ಮೂ ವಿಷದ ಹನಿಗಳನ್ನು ಚೆಲ್ಲುತ್ತದೆ. ಚಿಕಿತ್ಸೆ ತಡವಾದರೆ ಬದುಕುವವರು ಇಲ್ಲವೆಂದೇ ಹೇಳಬೇಕು. 1898ರಲ್ಲಿ ವಿಯೆನ್ನಾದ ಪ್ರಯೋಗಶಾಲೆಯೊಂದರಲ್ಲಿ, ಮುಂಬಯಿಯಿಂದ ಒಯ್ದಿದ್ದ ಜೀವಾಣುಗಳಿಂದ ಬಾರಿಷ್ ಎಂಬ ಸಹಾಯಕನಿಗೆ ಈ ಬಗೆಯ ಪ್ಲೇಗು ಬಂತು. ಅವನನ್ನು ನೋಡಿಕೊಂಡ ಡಾಕ್ಟರ್ ಮುಲ್ಲರ್ ಸತ್ತರು. ನರ್ಸ್ ಆಲ್ಬಿನಾ ಪೆಖಾ ಸತ್ತಳು. ಮುಲ್ಲರ್ ಹಿಂದಿನ ವರ್ಷ ಮುಂಬಯಿಗೆ ಬಂದು ಪ್ಲೇಗನ್ನೇ ಅಭ್ಯಾಸ ಮಾಡಿ ಹೋಗಿದ್ದ ಪಂಡಿತರು. ಪಾಂಡಿತ್ಯವೊಂದೇ ರಕ್ಷೆಯಾಗಲಿಲ್ಲ.

1910–11ರಲ್ಲಿ ಮಂಚೂರಿಯಾದಲ್ಲಿ ಇದೇ ಬಗೆಯ ಪ್ಲೇಗು ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡಿತು. ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ ವೂ ಲಿಯೆನ್-ತೆ ಎಂಬ ವೈದ್ಯರನ್ನು ಚೀನಾ ಸರ್ಕಾರ ಹಾರ್ಬಿನ್ ಪಟ್ಟಣಕ್ಕೆ ಕಳಿಸಿತು. ಇದು ಇಲಿಯಿಂದಲ್ಲ, ಉಸಿರಿನಿಂದ ಬರುವ ರೋಗವೆಂದು ಅವರು ಕಂಡುಕೊಂಡರು. ಗಾಜ್ ಬಟ್ಟೆಯ ಪದರಗಳ ನಡುವೆ ಹತ್ತಿಯಿಟ್ಟು ತಲೆಯ ಹಿಂದೆ ಕಟ್ಟಿಕೊಳ್ಳುವ ಸರಳವಾದ ಮುಖಗವಸನ್ನು ಎಲ್ಲ ಸಿಬ್ಬಂದಿಗೂ ಕಡ್ಡಾಯ ಮಾಡಿದರು. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯರು ಈ ಮಾತನ್ನು ಹಗುರವಾಗಿ ಕಂಡು, ಮುಖಗವಸಿಲ್ಲದೆ ರೋಗಿಗಳನ್ನು ಪರೀಕ್ಷಿಸಲು ಹೋದರು. ಕೆಲವೇ ದಿನಗಳಲ್ಲಿ, 1911ರ ಜನವರಿಯಲ್ಲಿ, ಅದೇ ರೋಗದಿಂದ ಸತ್ತರು. ಆಮೇಲೆ ಯಾರಿಗೂ ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಈಗ ಸೂರತ್ತಿಗೆ ಮರಳೋಣ. 1994ರಲ್ಲಿ, ಯೆರ್ಸಿನ್ ಜೀವಾಣುವನ್ನು ಕಂಡ ಸರಿಯಾಗಿ ನೂರು ವರ್ಷಕ್ಕೆ, ಮೊದಲು ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮ್ಲಾ ಗ್ರಾಮದಲ್ಲಿ ಗಡ್ಡೆ ಪ್ಲೇಗಿನ ಸುದ್ದಿ ಬಂತು. ಸೂರತ್ತಿನಲ್ಲಿ ಆಗ ತಾಪಿಯ ನೆರೆ ಇಳಿದು ಊರೆಲ್ಲ ಕೆಸರು, ಕಸ. ಸೆಪ್ಟೆಂಬರಿನ ಮೂರನೆಯ ವಾರದಲ್ಲಿ ನದಿಯ ಆಚೆ ದಡದ ವೇಡ್ ರೋಡ್ ಭಾಗದ ಕೂಲಿಕಾರರು ಜ್ವರ, ಕೆಮ್ಮು, ರಕ್ತಮಿಶ್ರಿತ ಕಫದೊಂದಿಗೆ ಆಸ್ಪತ್ರೆ ಸೇರತೊಡಗಿದರು. ಕೆಲವರು ಒಂದೆರಡು ದಿನದಲ್ಲೇ ಸತ್ತರು. ಲಕ್ಷಗಟ್ಟಲೆ ಜನ ರೈಲು ಬಸ್ಸುಗಳಿಗೆ ಮುಗಿಬಿದ್ದು ಊರು ಬಿಟ್ಟರು. ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಕಾಣೆಯಾಯಿತು. ಖಾಸಗಿ ವೈದ್ಯರಲ್ಲಿಯೂ ಅನೇಕರು ದವಾಖಾನೆ ಮುಚ್ಚಿ ಹೊರಟುಹೋದರು. ಭಾರವೆಲ್ಲ ಬಿದ್ದದ್ದು ಮಜೂರಾ ಗೇಟಿನ ಬಳಿಯ ಸರ್ಕಾರಿ ನ್ಯೂ ಸಿವಿಲ್ ಆಸ್ಪತ್ರೆಯ ಮೇಲೆ.

ಅಲ್ಲಿನವರ ಕೈಯಲ್ಲಿ ಇದ್ದದ್ದೇನು? ಇಂದಿನಂತೆ ಅಡಿಯಿಂದ ಮುಡಿವರೆಗಿನ ಉಡುಪು ಇರಲಿಲ್ಲ. ರೋಗಿಗಳಿಗೆ ಪ್ರತ್ಯೇಕ ವಾರ್ಡು, ಬಟ್ಟೆಯ ಮುಖಗವಸು, ಮುನ್ನೆಚ್ಚರಿಕೆಗೆ ಟೆಟ್ರಾಸೈಕ್ಲಿನ್, ಇಷ್ಟೇ. ಆದರೆ ಶಾಸ್ತ್ರದ ಪ್ರಕಾರ ಈ ರೋಗಕ್ಕೆ ಮುಖ್ಯವಾಗಿ ಬೇಕಾದದ್ದೂ ಅದೇ. ಕೆಮ್ಮಿನ ಹನಿ ಕೆಲವು ಅಡಿಗಿಂತ ದೂರ ಹಾರುವುದಿಲ್ಲ. ಮೂಗು ಬಾಯಿ ಮುಚ್ಚಿದ್ದರೆ ಸಾಕಷ್ಟು ರಕ್ಷೆ. ಸರಿಯಾದ ಔಷಧಿ ಬಿದ್ದು ಎರಡು ದಿನ ಕಳೆದರೆ ರೋಗಿಯಿಂದ ಹರಡುವ ಭಯವೂ ಬಹುಮಟ್ಟಿಗೆ ಇಳಿಯುತ್ತದೆ. ದೇಶದಲ್ಲಿ ಆ ವರ್ಷ ಸತ್ತವರು ಐವತ್ತಕ್ಕೂ ಹೆಚ್ಚು ಜನ; ಒಂದೊಂದು ಜೀವವೂ ದೊಡ್ಡದೇ. ಆದರೆ ಜಗತ್ತು ಹೆದರಿದ್ದ ಪ್ರಮಾಣಕ್ಕೆ ಹೋಲಿಸಿದರೆ ಅದು ಬೇಗ ತಣ್ಣಗಾಯಿತು. ಅದು ಪ್ಲೇಗೇ ಹೌದೆ ಎಂಬ ವಾದ ಬಹುಕಾಲ ನಡೆದು, ಕೊನೆಗೆ ಜೀವಾಣುವಿನ ವಂಶವಾಹಿ ಪರೀಕ್ಷೆಯಿಂದ ವಿಜ್ಞಾನಿಗಳು ಹೌದೆಂದು ತೋರಿಸಿದರು. 1995ರಲ್ಲಿ ಮಹಾನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರು ಊರನ್ನು ಗುಡಿಸಿ ತೊಳೆದ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ಬೀದಿ ಗುಡಿಸಿದ ಕತೆಯನ್ನು ಊರು ನೆನಪಿಟ್ಟುಕೊಂಡಿದೆ. ವಾರ್ಡಿನಲ್ಲಿ ಉಳಿದವರ ಕತೆಯನ್ನು ಹೇಳುವವರು ಕಡಿಮೆ. ಕಾಕಾ ಅವರ ತಮ್ಮ ಬದುಕಿ ಮನೆಗೆ ಬಂದರು. "ಆ ಸಿಸ್ಟರಿನ ಮುಖವನ್ನು ನಾನು ನೋಡಲೇ ಇಲ್ಲ, ಕಣ್ಣು ಮಾತ್ರ ನೋಡಿದ್ದು" ಎನ್ನುತ್ತಿದ್ದರು ಕಾಕಾ.

ಆಮೇಲಿನ ಚರಿತ್ರೆಯಲ್ಲಿ ಗಮನಿಸಬೇಕಾದ ಒಂದು ತಿರುವಿದೆ. ಏಡ್ಸ್ ಬಂದ ಮೇಲೆ, 1980ರ ದಶಕದಲ್ಲಿ, ಯಾರ ರಕ್ತದಲ್ಲಿ ರೋಗವಿದೆಯೆಂದು ಮುಖ ನೋಡಿ ಹೇಳಲಾಗದು ಎಂಬ ಅರಿವು ಮೂಡಿತು. ಆದ್ದರಿಂದ ಶ್ರೀಮಂತ, ಬಡವ, ಪರಿಚಿತ, ಅಪರಿಚಿತ ಎನ್ನದೆ ಪ್ರತಿಯೊಬ್ಬ ರೋಗಿಯ ರಕ್ತದ ವಿಷಯದಲ್ಲೂ ಒಂದೇ ಎಚ್ಚರಿಕೆ ಎಂಬ ನಿಯಮವನ್ನು 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೊರಡಿಸಿತು. ಮೆಲ್ಲಗೆ ಅದು ಎಲ್ಲ ಕಡೆಗೂ ಬಂತು. ನಮ್ಮ ದೇಶದಲ್ಲಿ 1998ರಲ್ಲಿ ಆಸ್ಪತ್ರೆಯ ಕಸಕ್ಕೆಂದೇ ಪ್ರತ್ಯೇಕ ನಿಯಮಗಳಾದವು. ನಿಯಮ ಮುರಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2009ರಲ್ಲಿ ನಮ್ಮ ಗುಜರಾತಿನದೇ ಮೋಡಾಸಾದಲ್ಲಿ, ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಕಾಮಾಲೆ ಹಬ್ಬಿ ಹತ್ತಾರು ಜನ ಸತ್ತರು.

ಇನ್ನೊಂದು ಪ್ರಸಂಗವಂತೂ ನಮ್ಮಂಥ ಸಂಸಾರವಂದಿಗರು ಓದಲೇಬೇಕಾದದ್ದು. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ವಿಚಿತ್ರ ಜ್ವರವೊಂದು ಕಾಣಿಸಿಕೊಂಡಿತು. ಅದು ನಿಪಾ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಕಾಯಿಲೆ ಬಿದ್ದವರಲ್ಲಿ ಬಹುಪಾಲು ಜನಕ್ಕೆ ಅದು ತಗಲಿದ್ದು ಆಸ್ಪತ್ರೆಯೊಳಗೇ: ಅಲ್ಲಿನ ನೌಕರರಿಗೆ, ಬೇರೆ ರೋಗಿಗಳಿಗೆ, ಮತ್ತು ರೋಗಿಯನ್ನು ನೋಡಲು ಬಂದವರಿಗೆ. 2018ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ಅದೇ ನಿಪಾ ಮರಳಿದಾಗ ಪೆರಾಂಬ್ರದ ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡಿದ ನರ್ಸ್ ಲಿನಿ ಎರಡು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು.

2020ರ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕನ್ನಡಿಗರಾದ ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯೊಂದಿದೆ. ಕೊರೋನಾ ಬಂದಾಗ ದೇಶದಲ್ಲಿ ಮೈಮುಚ್ಚುವ ರಕ್ಷಾ ಉಡುಪಿನ ತಯಾರಿಕೆ ಹೆಚ್ಚುಕಡಿಮೆ ಇರಲೇ ಇಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಉಡುಪು ತಯಾರಾಗುತ್ತಿದ್ದವು. ಅದರಲ್ಲಿ ಸುಮಾರು ಅರ್ಧದಷ್ಟು ಬೆಂಗಳೂರಿನಲ್ಲಿ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಅಂಗಿ ಹೊಲಿಯುತ್ತಿದ್ದ ನಮ್ಮ ಹೆಣ್ಣುಮಕ್ಕಳ ಕೈಗಳೇ ವೈದ್ಯರಿಗೆ ಕವಚ ತೊಡಿಸಿದವು. ಸೀರೆಗೆ ಹೆಸರಾದ ಸೂರತ್ತಿನಲ್ಲೂ ಜವಳಿ ಉದ್ಯಮಿಗಳು ಆ ಬಟ್ಟೆಗೆ ಕೈಹಾಕಿದರು.

ಆದರೆ ಕವಚವೊಂದೇ ಸಾಲದು. ಅನುಭವಸ್ಥರು ಹೇಳುವ ಪ್ರಕಾರ ಆ ಉಡುಪನ್ನು ತೊಡುವುದಕ್ಕಿಂತ ಕಳಚುವುದು ಅಪಾಯ. ಹೊರಮೈಯಲ್ಲಿ ಅಂಟಿದ್ದು ಕಳಚುವಾಗ ಕೈಗೆ, ಕೈಯಿಂದ ಕಣ್ಣಿಗೆ. ಹಾಗಾಗಿ ಮೊದಲು ಕೈಗವಸು, ಕೊನೆಯಲ್ಲಿ ಮುಖಗವಸು, ಆಮೇಲೆ ಮತ್ತೆ ಕೈತೊಳೆತ. ನೋಡಿ, ಸೆಮ್ಮೆಲ್‌ವೈಸ್ ನಿಂತಲ್ಲಿಗೇ ಮತ್ತೆ ಬಂದೆವು. ಎಲ್ಲ ಕವಚಗಳ ಕೊನೆಯಲ್ಲಿ ಇರುವುದು ಕೈ.

ಇನ್ನು ನಮ್ಮ ಮನೆಯ ಮಾತು. ಕೆಲವು ವರ್ಷಗಳ ಹಿಂದೆ ಊರಿನಿಂದ ನಮ್ಮಲ್ಲಿಗೆ ಬಂದಿದ್ದ ತಂದೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಪರಊರಿನಲ್ಲಿ ಕಷ್ಟವೆಂದರೆ ನಮ್ಮ ಜನ ಹೇಗೆ ಓಡಿ ಬರುತ್ತಾರೆಂಬುದು ತಮಗೆಲ್ಲ ಗೊತ್ತೇ ಇದೆ. ಕನ್ನಡದ ಸ್ನೇಹಿತರು ಉಪ್ಪಿಟ್ಟು, ಗಂಜಿ, ಎಳನೀರು ಹಿಡಿದು ಬಂದರು. ಎಲ್ಲರೂ ಮಂಚದ ಮೇಲೆ ಕುಳಿತರು, ಕೈ ಹಿಡಿದು ಮಾತನಾಡಿಸಿದರು, ಹೊದಿಕೆ ಸರಿಪಡಿಸಿದರು. ಪಟ್ಟಿ ಒದ್ದೆಯಾಗಿದೆಯೆ ಎಂದು ಎತ್ತಿ ನೋಡಿದವರು ಬೇರೆ ಯಾರೂ ಅಲ್ಲ, ನಾವೇ. ಅದೂ ಆಗತಾನೆ ಬಸ್ಸಿನ ಕಂಬಿ ಹಿಡಿದು ಬಂದ ಕೈಯಲ್ಲಿ. ಆರನೆಯ ದಿನ ಜ್ವರ ಬಂತು; ಗಾಯದಲ್ಲಿ ಕೀವು. ಗಾಯವನ್ನು ಮತ್ತೆ ತೆರೆದು ತೊಳೆಯಬೇಕಾಯಿತು. ಒಂದು ವಾರದಲ್ಲಿ ಮನೆಗೆ ಬರಬೇಕಿದ್ದವರು ಐದು ವಾರ ಮಲಗಿದರು. ಎದ್ದರು ನಿಜ; ಆದರೆ ಮತ್ತೆಂದೂ ಕೋಲಿಲ್ಲದೆ ನಡೆಯಲಿಲ್ಲ. ಅದು ಯಾರ ಕೈಯಿಂದ ಬಂತೆಂದು ಯಾರೂ ಹೇಳಲಾರರು. ನಮ್ಮ ಕೈಯಿಂದಲ್ಲ ಎಂದು ಹೇಳುವ ಧೈರ್ಯ ನಮಗಂತೂ ಇಲ್ಲ.

ಆಮೇಲೆ ಆ ವಾರ್ಡಿಗೆ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಗುಜರಾತಿ ಸಿಸ್ಟರ್ ಒಬ್ಬಳು ನಾವು ಬಾಗಿಲು ದಾಟಿದ ಕೂಡಲೆ, "ಭಾಯಿ, ಹಾಥ್ ಧೋಯಾ?" ಎನ್ನುತ್ತಿದ್ದಳು. ಕೈ ತೊಳೆದಿರಾ ಎಂದು. ಮೊದಲ ದಿನ ನಮಗೆ ಸಿಟ್ಟೇ ಬಂತು. ಮಗನೇ ತಂದೆಯನ್ನು ಮುಟ್ಟಲು ಅಪ್ಪಣೆ ಬೇಕೆ? ಎರಡನೆಯ ದಿನ ತೊಳೆದೆವು. ಮೂರನೆಯ ದಿನ ಅವಳು ಕೇಳುವ ಮೊದಲೇ ತೊಳೆದು ಬಂದೆವು. ತಂದೆಯವರು ನಕ್ಕು, "ನಿಮ್ಮಜ್ಜಿ ಇದ್ದಿದ್ದರೆ ಈ ಹುಡುಗಿಯನ್ನು ಮೆಚ್ಚುತ್ತಿದ್ದಳು ನೋಡು, ಮಡಿ ಮಾಡಿಸ್ತಾಳೆ" ಎಂದರು.

ತಂದೆಯವರ ಮಾತಿನ ಮೇಲೆ ಬಹಳ ಯೋಚಿಸಿದ್ದೇವೆ. ನಮ್ಮ ಹಿರಿಯರ ಮಡಿಯಲ್ಲಿ ಶುಚಿಯ ಅಂಶ ಇದ್ದೇ ಇತ್ತು. ಆದರೆ ಆ ಮಡಿ ಮುಟ್ಟಿದವರು ಯಾರು ಎಂದು ಕೇಳುತ್ತಿತ್ತು. ಆಸ್ಪತ್ರೆಯ ಮಡಿ ಮುಟ್ಟಿದ ಕೈ ತೊಳೆದಿದೆಯೆ ಎಂದು ಮಾತ್ರ ಕೇಳುತ್ತದೆ. ಅದಕ್ಕೆ ಕುಲವಿಲ್ಲ, ಅಧಿಕಾರವಿಲ್ಲ. ದೊಡ್ಡ ಸರ್ಜನ್ನನಿಗೂ ನೆಲ ಒರೆಸುವವಳಿಗೂ ನೋಡಲು ಬಂದ ನೆಂಟನಿಗೂ ಒಂದೇ ನಿಯಮ. ಸಾವಿತ್ರಿಬಾಯಿಯವರು ಹುಡುಗನನ್ನು ಬೆನ್ನಿಗೆ ಹಾಕಿಕೊಂಡಾಗ ಮೊದಲನೆಯ ಮಡಿಯನ್ನು ದಾಟಿದ್ದರು. ಎರಡನೆಯದನ್ನು ಅವರಿಗೆ ಕೊಡಲು ಆ ಕಾಲಕ್ಕೆ ತಿಳಿವಳಿಕೆ ಇರಲಿಲ್ಲ. ಇಂದು ಆ ತಿಳಿವಳಿಕೆ ನಲ್ಲಿಯ ನೀರಿನಷ್ಟು ಹತ್ತಿರದಲ್ಲಿದೆ.

ನಮ್ಮ ದೇಶದ ಆಸ್ಪತ್ರೆಗಳಲ್ಲಿ ಅರ್ಧ ಶುಶ್ರೂಷೆ ನಡೆಯುವುದು ಮನೆಯವರ ಕೈಯಿಂದಲೇ. ಊಟ ತಿನ್ನಿಸುವವರು, ಮಗ್ಗುಲು ತಿರುಗಿಸುವವರು, ರಾತ್ರಿಯಿಡೀ ಸ್ಟೂಲಿನ ಮೇಲೆ ತೂಕಡಿಸುವವರು ನಾವೇ. ಅವಿಭಕ್ತ ಕುಟುಂಬವನ್ನು ಊರಲ್ಲಿ ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಆ ಭಾರವೆಲ್ಲ ಒಬ್ಬಳೇ ಗೃಹಿಣಿಯ ಮೇಲೆ. ಅವಳು ಮಲಗಿದರೆ ನೋಡುವವರಿಲ್ಲ. ಹಾಗಾಗಿ ಸಂಘದ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಯಾರಾದರೂ ಆಸ್ಪತ್ರೆ ಸೇರಿದರೆ ಖಂಡಿತ ಹೋಗೋಣ. ಆದರೆ ಒಟ್ಟಿಗೆ ಹತ್ತು ಜನ ಬೇಡ, ಒಬ್ಬಿಬ್ಬರು ಸಾಕು. ಮೈಯಲ್ಲಿ ನೆಗಡಿ ಜ್ವರ ಇದ್ದರೆ ಫೋನಿನಲ್ಲೇ ವಿಚಾರಿಸೋಣ. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಮಂಚ ಮೇಜುಗಳನ್ನು ಮುಟ್ಟಿದ ಮೇಲೆ ಸಾಬೂನು ಹಚ್ಚಿ 40ರಿಂದ 60 ಸೆಕೆಂಡು ಕೈ ತೊಳೆಯೋಣ. ಪಟ್ಟಿ, ನಳಿಗೆ, ಸೂಜಿಗಳ ತಂಟೆ ಬೇಡ. ಅದು ಸಿಸ್ಟರುಗಳ ಕೆಲಸ. ಅವರು ಗದರಿದರೆ ಬೇಸರಿಸುವುದು ಬೇಡ, ಗದರದಿದ್ದರೆ, "ಸಿಸ್ಟರ್, ಕೈ ತೊಳೆಯಲು ಎಲ್ಲಿ?" ಎಂದು ನಾವೇ ಕೇಳೋಣ.

ಕಾಕಾ ಈಗ ನಿವೃತ್ತರಾಗಿದ್ದಾರೆ. ಒಮ್ಮೊಮ್ಮೆ ಸೇತುವೆಯ ಬಳಿ ಸಿಗುತ್ತಾರೆ. ರೋಗಿಯ ಪಕ್ಕದಲ್ಲಿ ಯಾರಾದರೂ ಕುಳಿತಿರಲೇಬೇಕು ಎಂದ ಅವರ ಮಾತು ನಿಜ. ಕುಳಿತುಕೊಳ್ಳೋಣ, ಕೈ ತೊಳೆದು.